ಲಾಂಚಿನಲ್ಲಿ ಸಿಕ್ಕ ಕಥೆ

2017ರ ಫೆಬ್ರವರಿಯಲ್ಲಿ ಅಮ್ಮನನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿದ್ದೆ. ಸಾಗರದಿಂದ ಹೊರಟ ಬಸ್ಸು ಅಂಬಾರಗೋಡ್ಲು ದಡ ಮುಟ್ಟುವಷ್ಟರಲ್ಲಿ, ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚು ಆಚೆಯ ಕಳಸವಳ್ಳಿ ದಡದಲ್ಲಿ ಚುಕ್ಕಿಯ ಹಾಗೆ ನಿಂತಿತ್ತು. ಕಾಯುವುದೊಂದೇ ದಾರಿ. ಶರಾವತಿಯ ಹಿನ್ನೀರು ಎದುರಿಗೆ ಹರಡಿಕೊಂಡಿತ್ತು. ಇಳಿದ ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಕಪ್ಪಗೆ ತಲೆ ಎತ್ತಿದ್ದವು.

ಆ ದಿನವನ್ನು ಕಥೆ ಮಾಡಬೇಕೆಂದು ನಾನು ಕೂತದ್ದು ಏಳು ವರ್ಷ ಕಳೆದ ಮೇಲೆ. ಒಂದು ಪ್ರೇಮಕಥೆ. ಮೊದಲ ಕರಡಿನ ತುಂಬ ಸೂರ್ಯಾಸ್ತ, ನಡುಗಡ್ಡೆ, ಬೆಳ್ಳಕ್ಕಿ. ಓದಿದ ತಂಗಿ ಹಾಳೆಗಳನ್ನು ಮಡಚಿಟ್ಟು, "ಅಕ್ಕಾ, ಇವರಿಬ್ಬರನ್ನ ತಗೊಂಡು ಹೋಗಿ ಬೇರೆ ಯಾವ ಊರಲ್ಲಿ ನಿಲ್ಲಿಸಿದ್ರೂ ಕಥೆ ನಡೆಯತ್ತಲ್ಲ" ಅಂದಳು. ಎರಡು ದಿನ ಬೇಜಾರಾಯಿತು. ಆದರೆ ಅವಳ ಮಾತು ನಿಜವಾಗಿತ್ತು. ನೋಡಿದ ಜಾಗವನ್ನೆಲ್ಲ ಬಣ್ಣಿಸಿದ್ದೆ. ಆ ಜಾಗ ಅಲ್ಲಿದ್ದವರಿಗೆ ಏನು ಮಾಡುತ್ತಿತ್ತು ಅನ್ನುವುದನ್ನು ಬರೆದೇ ಇರಲಿಲ್ಲ.

ಹಳೆಯ ಡೈರಿ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಸೂರ್ಯಾಸ್ತದ ಬಗ್ಗೆ ಒಂದು ಸಾಲೂ ಇಲ್ಲ. ಇದ್ದದ್ದು ಇಷ್ಟು: ಡೀಸೆಲ್ ವಾಸನೆ, ಬಸ್ಸು ಲಾಂಚಿಗೆ ಹತ್ತಿದಾಗ ಕಾಲಡಿ ಬಾಗಿದ ಕಬ್ಬಿಣದ ಹಲಗೆ, ಆಮೇಲೆ "ಹೆಲ್ಮೆಟ್ ಹುಡುಗಿ" ಎಂಬ ಎರಡು ಪದ.

ಆ ಎರಡು ಪದ ಓದಿದ್ದೇ ತಡ, ಎಲ್ಲ ಕಣ್ಮುಂದೆ ಬಂತು. ನಮ್ಮ ಲಾಂಚು ದಡ ಬಿಟ್ಟು ನಾಲ್ಕು ಮಾರು ಹೋಗಿರಬಹುದು, ಒಬ್ಬ ಹುಡುಗ ಬೈಕಿನಲ್ಲಿ ಇಳಿಜಾರು ಇಳಿದು ಬಂದು ನೀರಿನಂಚಿಗೆ ಬ್ರೇಕ್ ಹಾಕಿದ. ಲಾಂಚಿನ ಕಟಕಟೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು "ಅಯ್ಯೋ" ಎಂದು ಕೈ ಎತ್ತಿದಳು. ಆ ಕೈಯಲ್ಲಿ ಅವನ ಹೆಲ್ಮೆಟ್. ಅವನು ಏನೋ ಕೂಗಿದ, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಫೋನು ತೆಗೆದು ನೋಡಿದಳು, ನೆಟ್‌ವರ್ಕ್ ಇರಲಿಲ್ಲ. ಫೋನನ್ನು ಹೆಲ್ಮೆಟ್ಟಿನೊಳಗೆ ಹಾಕಿ, ಮಗುವನ್ನು ಅವುಚಿಕೊಂಡಂತೆ ಅದನ್ನು ಎದೆಗೆ ಅವುಚಿಕೊಂಡು, ಬಿಟ್ಟು ಬಂದ ದಡದ ಕಡೆಗೇ ಮುಖ ಮಾಡಿ ನಿಂತಳು. ಹೊಳೆ ದಾಟುವ ತನಕ ತಿರುಗಲಿಲ್ಲ.

ಅಮ್ಮನೇ ಹತ್ತಿರ ಹೋಗಿ, "ಬರ್ತಾನೆ ಬಿಡು ಮಾರಾಯ್ತಿ, ಇನ್ನೊಂದು ಲಾಂಚ್ ಇದ್ಯಲ್ಲ" ಅಂದರು. ಅವಳು ನಕ್ಕಳು. ಆ ನಗುವಿನಲ್ಲಿ ಅಳು ಎಷ್ಟಿತ್ತು ಅಂತ ಇವತ್ತಿಗೂ ಹೇಳಲಾರೆ.

ಇನ್ನೊಂದು ಲಾಂಚ್ ಇಲ್ಲದಿದ್ದರೆ? ನನ್ನ ಕಥೆ ಹುಟ್ಟಿದ್ದು ಈ ಪ್ರಶ್ನೆಯಲ್ಲಿ. ಅವಳು ಹತ್ತಿದ್ದು ಅವತ್ತಿನ ಕೊನೆಯ ಲಾಂಚು ಎಂದು ಮಾಡಿಕೊಂಡೆ. ಅಲ್ಲಿಂದ ಮುಂದೆ ಹೊಳೆಯೇ ಕಥೆ ನಡೆಸಿತು. ಕತ್ತಲಾಗುತ್ತಿದೆ, ಫೋನು ಸಿಗುವುದಿಲ್ಲ, ಅವನು ಬರಬೇಕೆಂದರೆ ಹೊಸನಗರದ ಕಡೆಯಿಂದ ದೂರದ ಸುತ್ತು ಹಾಕಬೇಕು. ಹೆಲ್ಮೆಟ್ ಇಲ್ಲಿದೆ, ಅವನು ಆ ಕಾಡುದಾರಿಯಲ್ಲಿ ಬರಿತಲೆಯಲ್ಲಿ ಬರುತ್ತಾನೆಯೇ? ಬರಲಿ ಅನ್ನಬೇಕೋ, ಬರದಿರಲಿ ಅನ್ನಬೇಕೋ? ಇಷ್ಟಾದ ಮೇಲೆ ಅವಳ ಬಾಯಲ್ಲಿ "ಪ್ರೀತಿಸುತ್ತೇನೆ" ಎಂದು ಹೇಳಿಸುವ ಅಗತ್ಯ ಬೀಳಲಿಲ್ಲ. ಆ ಹುಡುಗಿಯ ಊರು, ಬಟ್ಟೆ, ಮುಖ ಎಲ್ಲವನ್ನೂ ಬದಲಿಸಿದೆ. ಅವಳ ಬದುಕು ಅವಳದು. ಹೆಲ್ಮೆಟ್ ಮಾತ್ರ ಇಟ್ಟುಕೊಂಡೆ.

ಬರೆಯುತ್ತ ಹೋದಂತೆ ಒಂದು ಅಳುಕು ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹೊಳೆ ಹಿಗ್ಗಿ ಊರು, ಗದ್ದೆ, ತೋಟಗಳನ್ನು ನುಂಗಿತು. ಕಳಸವಳ್ಳಿ ಕಡೆಯ ತುಮರಿ ಸೀಮೆಯವರು ಆಚೆಗೇ ಉಳಿದುಬಿಟ್ಟರು. ನನಗೆ ಚೆಂದ ಕಂಡ ಆ ಕಾಯುವಿಕೆ, ರಾತ್ರಿ ಹೆರಿಗೆ ನೋವು ಬಂದ ಹೆಣ್ಣಿಗೆ ಏನಾಗಿದ್ದೀತು? ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನಗಳನ್ನೇ ಹತ್ತಿಸುತ್ತಿರಲಿಲ್ಲ. ಒಂದು ಮಧ್ಯಾಹ್ನದ ಪ್ರವಾಸಿ ಇದನ್ನೆಲ್ಲ ಮರೆತು ಬರೀ ಪ್ರೇಮ ಬರೆದರೆ ಅದು ಅನ್ಯಾಯ. ಹಾಗಾಗಿ ಕಥೆಯಲ್ಲಿ ಹುಡುಗಿಯ ಅಜ್ಜಿ ಬಂದಳು. ಲಾಂಚು ಹತ್ತಿದಾಗಲೆಲ್ಲ ಕಣ್ಣು ಮುಚ್ಚಿ ಕೂರುವವಳು, ಏಕೆಂದರೆ ಅವಳ ಮದುವೆಯಾದ ಮನೆ ಅದೇ ನೀರಿನಡಿ ಇದೆ. ಮೊಮ್ಮಗಳ ಸಂಕಟ ಮೊದಲು ಗೊತ್ತಾಗುವುದೂ ಅವಳಿಗೇ.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಸುದ್ದಿ ನೋಡಿ ಅಮ್ಮ "ಪಾಪ, ಅಂತೂ ಆಯ್ತಲ್ಲ" ಎಂದು ಕೈಮುಗಿದರು. ನಾನು ಹೋಗಿ ಕಥೆಯ ಮೊದಲ ಸಾಲಿಗೆ ಇಸವಿ ಸೇರಿಸಿದೆ. ಇನ್ನು ಆ ಹೊಳೆಯಲ್ಲಿ ಯಾರೂ ಹಾಗೆ ಈಚೆ ದಡದಲ್ಲಿ ಉಳಿಯಬೇಕಿಲ್ಲ.

ಅವತ್ತು ಕಳಸವಳ್ಳಿಯಲ್ಲಿ ಇಳಿದ ಮೇಲೆ ನಮ್ಮ ಬಸ್ಸು ಹೊರಟುಬಿಟ್ಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಮುಂದಿನ ಲಾಂಚು ನಡುನೀರಿನಲ್ಲಿತ್ತು, ಅವಳು ದಡದ ತುದಿಗೆ ಹೋಗಿ ಹೆಲ್ಮೆಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.