ಮೂಗಿನ ಕಾಲಂ ಖಾಲಿ ಬಿಟ್ಟಿದ್ದೆ

ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಔಷಧಿ ಬರೆಯುವುದು ಇಎನ್‌ಟಿ ಡಾಕ್ಟರು. ನಮ್ಮ ಫಾರ್ಮಿನಲ್ಲಿ ‘ಮೂಗು, ಅಲರ್ಜಿ’ ಅಂತ ಒಂದು ಕಾಲಂ ಇದೆ. ತುಂಬಾ ದಿನ ಅದನ್ನು ನಾನು ಸುಮ್ನೆ ಖಾಲಿ ಬಿಡುತ್ತಿದ್ದೆ. ಕಿವಿ ನೋಡುವವಳಿಗೆ ಮೂಗಿನ ಉಸಾಬರಿ ಯಾಕೆ ಅಂತ.

ಆರು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಆಗಾಗ ಕಿವಿ ನೋವು, ಜ್ವರ, ಆಂಟಿಬಯೋಟಿಕ್. ಹದಿನೈದು ದಿನ ಆರಾಮ, ಮತ್ತೆ ಅದೇ ಕಥೆ. ಜೊತೆಗೆ ‘ಕ್ಲಾಸಿನಲ್ಲಿ ಗಮನ ಕೊಡಲ್ಲ’ ಅಂತ ಶಾಲೆಯಿಂದ ದೂರು. ಟಿಂಪನೋಮೆಟ್ರಿ ಮಾಡಿದೆ. ಕಿವಿಯೊಳಗೆ ಗಾಳಿಯ ಒತ್ತಡ ಏರಿಸಿ ಇಳಿಸಿ ತಮಟೆ ಹೇಗೆ ಅಲುಗುತ್ತದೆ ಅಂತ ನೋಡುವ ಪರೀಕ್ಷೆ ಅದು. ಚೆನ್ನಾಗಿರುವ ಕಿವಿಯ ಗ್ರಾಫ್‌ನಲ್ಲಿ ಪುಟ್ಟ ಗುಡ್ಡ ಕಾಣುತ್ತದೆ. ಇವನದು ಚಪ್ಪಟೆ ಗೆರೆ. ತಮಟೆಯ ಹಿಂದೆ ನೀರು ನಿಂತಿತ್ತು. ಸುಮಾರು 30 ಡೆಸಿಬಲ್‌ಗಿಂತ ಮೆಲ್ಲಗಿನ ಸದ್ದು ಅವನಿಗೆ ಕೇಳುತ್ತಲೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಮಗು ಗಮನ ಕೊಡುವುದಾದರೂ ಹೇಗೆ, ಅಲ್ವಾ? ‘ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ’ ಅಂತ ಬರೆದು ಕಳಿಸಿದೆ. ಅದೇನೂ ತಪ್ಪಲ್ಲ, ಈ ನೀರು ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಮೂಗಿನ ಕಾಲಂ ಖಾಲಿಯೇ ಉಳಿದಿತ್ತು.

ಮುಂದಿನ ಸಲ ಅವನ ಅಜ್ಜಿ ಬಂದಿದ್ದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, “ಇವನ ಕಿವಿ ಸೀನು ಶುರುವಾದ ವಾರಕ್ಕೇ ನೋಯೋದು ಕಣಮ್ಮ. ಬೆಳಿಗ್ಗೆ ಎದ್ದ ಅಂದ್ರೆ ಹತ್ತು ಸೀನು” ಅಂದರು.

ನಾನು ಆಗ ಹುಡುಗನ ಮುಖ ನೋಡಿದೆ. ನಿಜ ಹೇಳಬೇಕಂದ್ರೆ, ಅಲ್ಲಿವರೆಗೆ ಕಿವಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು. ಅಂಗೈಯಿಂದ ಮೂಗು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ. ಬಾಯಿ ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ಪಾಠದಲ್ಲಿ ಓದಿದ್ದ ಅಲರ್ಜಿಯ ಗುರುತುಗಳೆಲ್ಲ ಎದುರಿಗೇ ಕೂತಿದ್ದವು.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ಕೊಳವೆ ಇದೆ, ಯೂಸ್ಟೇಶಿಯನ್ ಕೊಳವೆ. ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಗೆ ಗಾಳಿ ಹೋಗುತ್ತದೆ. ದೊಡ್ಡವರಲ್ಲಿ ಅದು ಸುಮಾರು 3.5 ಸೆಂಟಿಮೀಟರ್ ಉದ್ದ, ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ, ಮಲಗಿದಂತೆ ಅಡ್ಡಡ್ಡ. ಮಗು ಬೆಳೆದಂತೆ ನಿಧಾನವಾಗಿ ಸರಿಹೋಗುತ್ತದೆ. ಅಲರ್ಜಿಯಿಂದ ಮೂಗಿನ ಒಳಪೊರೆ ಊದಿಕೊಂಡರೆ ಕೊಳವೆಯ ಬಾಯಿಯೂ ಮುಚ್ಚಿಕೊಳ್ಳುತ್ತದೆ. ಒಳಗಿದ್ದ ಗಾಳಿ ಹೀರಿಹೋಗಿ ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ನೀರು ಜಿನುಗಿ ನಿಲ್ಲುತ್ತದೆ. ನಿಂತ ನೀರಿಗೆ ಮೂಗಿನ ಕಡೆಯಿಂದ ರೋಗಾಣು ಸೇರಿದರೆ ಕೀವು, ಜ್ವರ, ರಾತ್ರಿಯಿಡೀ ಅಳು.

ಹಾಗಂತ ಪ್ರತಿ ಕಿವಿನೋವಿಗೂ ಅಲರ್ಜಿಯೇ ಕಾರಣ ಅಂದುಕೊಳ್ಳಬೇಡಿ. ಮಾಮೂಲಿ ನೆಗಡಿಯಿಂದ ಬರುವುದೇ ಜಾಸ್ತಿ. ಮನೆಯಲ್ಲಿ ಬೀಡಿ, ಸಿಗರೇಟು ಹೊಗೆ, ಮಲಗಿಸಿಯೇ ಬಾಟಲಿ ಹಾಲು ಕುಡಿಸುವುದು, ಊದಿದ ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಮೆತ್ತನೆಯ ಗಂಟು), ಇವೂ ಕಾರಣವಾಗುತ್ತವೆ. ಕಿವಿಯ ನೀರು ಇಳಿಸಲು ಅಲರ್ಜಿ ಮಾತ್ರೆ ಕೊಡಬೇಡಿ ಅಂತಲೇ ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಮೂಗಿನ ಅಲರ್ಜಿ ನಿಜವಾಗಿಯೂ ಇದ್ದರೆ ಅದಕ್ಕೆ ಚಿಕಿತ್ಸೆ ಮಾಡುವುದು ಬೇರೆ ಮಾತು. ಇನ್ನು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಗೆ ಬಿಡುವುದು! ತಮಟೆ ತೂತಾಗಿದ್ದರೆ ಅದು ಸೀದಾ ಒಳಗೆ ಹೋಗುತ್ತದೆ. ಆ ಅಜ್ಜಿಗೂ ಹೇಳಿದೆ. ಅವರಿಗೆ ಅಷ್ಟು ಹಿಡಿಸಲಿಲ್ಲ.

ಫಾರ್ಮಿನಲ್ಲಿ ಅಜ್ಜಿ ಹೇಳಿದ್ದನ್ನೇ ಬರೆದು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಚರ್ಮದ ಪರೀಕ್ಷೆಯಲ್ಲಿ ಧೂಳಿನ ಹುಳದ ಅಲರ್ಜಿ ಅಂತ ಗೊತ್ತಾಯಿತು. ಚಳಿ ಶುರುವಾದಾಗ ಅಟ್ಟದಿಂದ ಇಳಿಸಿದ ಹಳೇ ರಗ್ಗು ಹೊದ್ದು ಮಲಗುತ್ತಿದ್ದನಂತೆ. ರಗ್ಗು ಹೋಯಿತು, ದಿಂಬಿನ ಕವರು, ಹೊದಿಕೆ ಬಿಸಿನೀರಿನಲ್ಲಿ ಒಗೆದರು. ಮೂಗಿಗೆ ಡಾಕ್ಟರು ಬರೆದ ಸ್ಪ್ರೇ.

ಮೂರು ತಿಂಗಳಿಗೆ ಗ್ರಾಫ್‌ನಲ್ಲಿ ಪುಟ್ಟ ಗುಡ್ಡ ಕಂಡಿತು. ನೀರು ತಾನಾಗಿಯೇ ಇಳಿಯಿತೋ, ರಗ್ಗು ಹೋಗಿದ್ದಕ್ಕೋ, ಒಂದು ಮಗುವನ್ನು ನೋಡಿ ಹೇಳಲಾಗದು. ಸೀನು ಮಾತ್ರ ಕಮ್ಮಿಯಾಗಿತ್ತು. ಹುಡುಗನದು ಈಗ ಹೊಸ ದೂರು: ಮನೆಯಲ್ಲಿ ಕುಕ್ಕರ್ ವಿಶಲ್ ಸದ್ದು ಜಾಸ್ತಿಯಂತೆ.