‘ಸೆಟ್’ ಅಂತೂ ಮುಕ್ಕಾಲು ಪಾಲು ಸೆಟ್ ಆಯ್ತು

ಕೊಡಗಿನ ಆಡುಮಾತಿನ ಇಂಗ್ಲಿಷ್ ಪದಗಳ ಕಾರ್ಡುಪಟ್ಟಿ ‘ಸ’ಕಾರದಲ್ಲೇ ಮೂರು ವಾರ ಕೂತಿತ್ತು. ಕಾರಣ ಒಂದೇ ಪದ, ‘ಸೆಟ್’. 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೇ ಸುಮಾರು 430 ಅರ್ಥ, 60,000 ಪದಗಳ ವಿವರಣೆ. ನಮ್ಮದು ಅಂಗೈಯಗಲದ ಕಾರ್ಡು. ಅದೂ ದಪ್ಪ ಕಾಗದದ್ದು, 180 ಜಿಎಸ್‌ಎಂ ಅಂತ ಕೇಳಿದರೆ ಹಪ್ಪಳದಂಥದ್ದು ಕಳಿಸಿದ್ದಾರೆ, ಮಡಿಕೇರಿ ಮಳೆಗೆ ಸುರುಳಿ ಸುತ್ತಿಕೊಳ್ಳುತ್ತೆ.

ಮೊದಲ ತಲೆನೋವು ಕಂಪ್ಯೂಟರ್ ಕಡತದಲ್ಲಿ ಪದದ ಹುಡುಕಾಟದ್ದು. ‘ಪಂಪ್‌ಸೆಟ್’ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಯುನಿಕೋಡ್ ಅಕ್ಷರ ಯು+200ಸಿ ಇದ್ದರೆ ಒಂದು ಪದ, ಇಲ್ಲದಿದ್ದರೆ ‘ಪಂಪ್ಸೆಟ್’. ಹಾಗಾಗಿ ಹುಡುಕುವ ಮೊದಲು ಆ ಅಕ್ಷರವನ್ನು ಎಲ್ಲೆಡೆ ಕಿತ್ತುಹಾಕಬೇಕು, ಮೂಲ ಕಡತದ ನಕಲಿನಲ್ಲಿ ಮಾತ್ರ. ಆಮೇಲೆ ಸೆಟ್ಟಾಯ್ತು, ಸೆಟ್ಟೇರಿತು ಎಲ್ಲ ಸಿಗುತ್ತವೆ. ಜೊತೆಗೆ ಹಳೇ ಸೆಟ್ಟಿಗಳೂ ಸಾಲುಗಟ್ಟಿ ಬರುತ್ತಾರೆ! ‘ಸೆಟ್ಟಿ’ ಇರುವುದನ್ನೆಲ್ಲ ತೆಗೆದರೆ ಸೆಟ್ಟಿಂಗ್, ಸೆಟ್ಟಿನ, ಸೆಟ್ಟಿಗೆ ಮೂರೂ ಹೋಗುತ್ತವೆ. ‘ಎರಡು ಸೆಟ್ಟಿಗೆ ಎಷ್ಟು?’ ಅನ್ನುವುದನ್ನು ಯಂತ್ರ ಬಿಡಿಸಲಾರದು. ಹಿಂದಿನ ಪದ ಸಂಖ್ಯೆಯೋ ವಸ್ತುವೋ ಆಗಿದ್ದರೆ ಇಟ್ಟುಕೊಂಡು, ಉಳಿದದ್ದನ್ನು ಕಣ್ಣಲ್ಲೇ ನೋಡುವುದು.

ನಿಜವಾದ ಕಗ್ಗಂಟು ಅರ್ಥ ಬೇರ್ಪಡಿಸುವುದು. ಇಂಗ್ಲಿಷಿನಲ್ಲೇ ಇಲ್ಲಿ ಎರಡು ಬೇರು ಹೆಣೆದುಕೊಂಡಿವೆ: ‘ಕೂರಿಸು’ ಎಂಬ ಹಳೆ ಇಂಗ್ಲಿಷ್ ಕ್ರಿಯಾಪದ ಒಂದು, ‘ಗುಂಪು’ ಅರ್ಥಕ್ಕೆ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ಹಾದು ಬಂದದ್ದು ಇನ್ನೊಂದು. ಬಟ್ಟಲಿನ ಸೆಟ್ಟು ಎರಡನೆಯದರ ಮನೆತನ. ಮಡಿಕೇರಿಯ ರಾಜಾಸೀಟಿನಲ್ಲಿ ಕೂತು ನೋಡುವ ಸನ್‌ಸೆಟ್ ಮೊದಲನೆಯದು. ಸೀಟೂ ಸೆಟ್ಟೂ ಅಲ್ಲಿ ದಾಯಾದಿಗಳು.

ದಾರಿ ಸಿಕ್ಕಿದ್ದು ಈ ‘ಕೂರು’ವಿನಿಂದಲೇ. ‘ಸೆಟ್ ಆಗಲಿಲ್ಲ’ ಇರುವ ಕಡೆಯಲ್ಲೆಲ್ಲ ಕನ್ನಡದ ಒಂದೊಂದೇ ಕ್ರಿಯಾಪದ ಹಾಕಿ ನೋಡಬೇಕು. ಯಾವುದು ಒಗ್ಗುತ್ತೋ ಅದೇ ಅರ್ಥದ ತಲೆಬರಹ. ವಾಷರ್ ಸೆಟ್ ಆಗಲಿಲ್ಲ ಅಂದರೆ ಕೂರಲಿಲ್ಲ. ಅವರಿಬ್ಬರಿಗೆ ಸೆಟ್ ಆಗಲಿಲ್ಲ ಅಂದರೆ ಹೊಂದಲಿಲ್ಲ. ಸಿಮೆಂಟಿಗೆ ‘ಒಣಗು’ ಹಾಕಿದರೆ ಕೆಟ್ಟಿತು. ಸಿಮೆಂಟ್ ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ, ನೀರೊಳಗೂ ಸೆಟ್ ಆಗುತ್ತೆ. ಜುಲೈನಲ್ಲಿ ಗೋಡೆಗೆ ಒರಗಿಸಿಟ್ಟ ಮೂಟೆ ಒಳಗೊಳಗೇ ಕಲ್ಲಾಗುವುದನ್ನು ಕಂಡವರು ‘ಒಣಗಿತು’ ಅನ್ನುವುದಿಲ್ಲ, ‘ಮೂಟೇಲೇ ಸೆಟ್ ಆಗಿದೆ’ ಅಂತಾರೆ. ಸರಿ, ‘ಗಟ್ಟಿಯಾಗು’. ಇದನ್ನು ನಮ್ಮದೇ ‘ಸೆಟೆ’ಯ ಪಕ್ಕ ಇಡುವ ಚಪಲ ಬೇಡ, ಎರಡರ ನೆಂಟಸ್ತಿಕೆ ಬರೀ ಕಿವಿಗೆ ಮಾತ್ರ.

ಕಾಫಿ ತೋಟದ ಸೆಟ್ಟಿಂಗ್‌ಗೆ ಇದ್ಯಾವುದೂ ಒಗ್ಗದು. ಹೂಮಳೆ ಬಿದ್ದು ರೊಬಸ್ಟಾ ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತೆ. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಅರೇಬಿಕಾದಂತೆ ತನ್ನದರಲ್ಲೇ ಕಾಯಿ ಕಟ್ಟುವುದಿಲ್ಲ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಮುಗಿದ ಮೇಲೆ ಕಾಯಿ ನಿಲ್ಲಲು ಬೇಕಾದ ಮಳೆ, ಕೈಕೊಟ್ಟರೂ ‘ಸೆಟ್ಟಿಂಗ್ ಇಲ್ಲ’ ಅನ್ನುವ ಮಾತೇ. ಇಲ್ಲಿ ‘ಕಾಯಿ ಕಚ್ಚು’ ಎಂದೇ ಬೇರೆ ಕಾರ್ಡು. ಬ್ಯಾಕಿಂಗ್‌ಗೆ ‘ಬ’ಕಾರದಲ್ಲಿ ಜಾಗ ಬಿಟ್ಟಿರಲಿಲ್ಲ, ಅದೊಂದು ಹೊಸ ರಗಳೆ.

ಅಂದಹಾಗೆ ಮುಂದಿನ ಪದ ‘ಲೈನ್’. ಲೈನ್‌ಮನೆ, ಲೈನ್‌ಮ್ಯಾನ್, ಲೈನ್ ಹೊಡೆಯೋದು, ಕರೆಂಟ್ ಲೈನ್. ಕಾರ್ಡು ದಪ್ಪದ್ದು ಸಿಕ್ಕಮೇಲೆ.

ಸೆಟ್ಟಿನಲ್ಲಿ ಬಾಕಿ ಇರುವುದು ಸೆಟ್ ದೋಸೆ. ತಟ್ಟೆಗೆ ಮೂರು ಬರುವುದರಿಂದ ಅದು ‘ಗುಂಪು’ ಕಾರ್ಡಿಗೆ ಹೋಗಬೇಕಿತ್ತು. ಆದರೆ ‘ಸೆಟ್ ದೋಸೆ ಒಂದೇ ಸಾಕು’ ಅಂತಲೂ ಕೇಳುತ್ತಾರೆ, ಮೆತ್ತಗಿನ ದಪ್ಪ ದೋಸೆ ಒಂದೇ ಬರುತ್ತೆ. ಸದ್ಯ ಆ ಕಾರ್ಡಿಗೆ ತಲೆಬರಹ ಇಲ್ಲ.