2022ರ ಹಾಡುಗಳ ಲೆಕ್ಕ

2022ರ ಜನಪ್ರಿಯ ಹಾಡುಗಳ ಪಟ್ಟಿಗಳನ್ನು ಬಿಡುವಿನಲ್ಲಿ ತಿರುವಿ ನೋಡಿದಾಗ, ಹಾಡು ಬಿಡುಗಡೆಯಾದ ವರ್ಷ, ಅದು ಪಟ್ಟಿಗೇರಿದ ವರ್ಷ ಮತ್ತು ಪ್ರಶಸ್ತಿ ಪಡೆದ ವರ್ಷ ಒಂದಕ್ಕೊಂದು ತಾಳೆಯಾಗಲೇಬೇಕೆಂಬ ನಿಯಮವಿಲ್ಲವೆಂದು ತಿಳಿಯುತ್ತದೆ. ಬ್ರಿಟಿಷ್ ಗಾಯಕಿ ಕೇಟ್ ಬುಷ್ 1985ರಲ್ಲಿ ಹೊರತಂದ ‘ರನ್ನಿಂಗ್ ಅಪ್ ದಟ್ ಹಿಲ್’, ಜನಪ್ರಿಯ ವೆಬ್ ಸರಣಿಯೊಂದರಲ್ಲಿ ಬಳಕೆಯಾದ ಕಾರಣಕ್ಕೆ, 37 ವರ್ಷಗಳ ನಂತರ 2022ರ ಜೂನ್‌ನಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಪ್ರಶಸ್ತಿಗಳ ಲೆಕ್ಕವಂತೂ ಇನ್ನೂ ಸ್ವಾರಸ್ಯಕರ. ತೆಲುಗಿನ ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಹಾಡು 2021ರ ನವೆಂಬರ್‌ನಲ್ಲಿ ಬಂತು, ಚಿತ್ರ 2022ರ ಮಾರ್ಚ್‌ನಲ್ಲಿ ತೆರೆಕಂಡಿತು, ಆಸ್ಕರ್ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಬೆಂಗಳೂರಿನ ಸಂಗೀತ ಸಂಯೋಜಕ ರಿಕ್ಕಿ ಕೇಜ್ ಅವರು ಅಮೆರಿಕದ ಡ್ರಮ್ ವಾದಕ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆ 2021ರಲ್ಲಿ ಮಾಡಿದ ‘ಡಿವೈನ್ ಟೈಡ್ಸ್’ ಆಲ್ಬಮ್ 2022ರಲ್ಲಿ ನ್ಯೂ ಏಜ್ (ಹೆಚ್ಚಾಗಿ ಸಾಹಿತ್ಯವಿಲ್ಲದ, ಮನಸ್ಸಿಗೆ ನೆಮ್ಮದಿ ಕೊಡುವ ಸಂಗೀತ) ವಿಭಾಗದಲ್ಲಿ, 2023ರಲ್ಲಿ ಇಮ್ಮರ್ಸಿವ್ ಆಡಿಯೊ (ಸುತ್ತಲಿಂದಲೂ ಕೇಳಿಬರುವಂಥ ಧ್ವನಿಮುದ್ರಣ) ವಿಭಾಗದಲ್ಲಿ, ಹೀಗೆ ಎರಡು ಸಲ ಗ್ರ್ಯಾಮಿ ಪಡೆಯಿತು. ನಮ್ಮವರೊಬ್ಬರಿಗೆ ಬಂದ ಈ ಗೌರವಕ್ಕೆ ಸಿನಿಮಾ ಹಾಡಿಗೆ ಸಿಗುವಷ್ಟು ಗಮನ ನಮ್ಮೂರುಗಳಲ್ಲಿ ಸಿಗಲಿಲ್ಲವೆಂಬುದು ನನ್ನ ತಕರಾರು. ಸಾಹಿತ್ಯವಿದ್ದು ಬಾಯಿಗೆ ಬರುವ ಹಾಡನ್ನಷ್ಟೇ ನಾವು ಹಾಡೆಂದು ಒಪ್ಪುವವರು.

ದಾವಣಗೆರೆಯಲ್ಲಿ ಇಂಥ ಪಟ್ಟಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಮದುವೆಯ ಬ್ಯಾಂಡ್‌ಸೆಟ್ಟಿನವರು ಏನು ನುಡಿಸುತ್ತಾರೆಂಬುದೇ ಇಲ್ಲಿನ ಅಳತೆ. ಮೊನ್ನೆ ಪಿ.ಬಿ. ರಸ್ತೆಯ ಮೆರವಣಿಗೆಯೊಂದರಲ್ಲಿ ಟ್ರಂಪೆಟ್ಟಿನವರು ಹೊಸ ಹಾಡೊಂದರ ಪಲ್ಲವಿಯನ್ನಷ್ಟೇ ಊದಿ, ಚರಣದ ಹೊತ್ತಿಗೆ ಡಾ. ರಾಜ್‌ಕುಮಾರ್ ಅವರ ಹಳೆಯ ಹಾಡಿಗೆ ಹೊರಳಿದರು. ವರನ ಗೆಳೆಯರು ಹೆಜ್ಜೆ ತಪ್ಪದೆ ಕುಣಿಯುತ್ತಲೇ ಇದ್ದರು, ಹಿಂದಿದ್ದ ಹಿರಿಯರು ಮಾತ್ರ ಆಗ ತಾಳ ಹಾಕಲು ಶುರುಮಾಡಿದರು.